ಮಡಿಕೆ ಬಿಚ್ಚದ ಒಂಬತ್ತನೇ ನಂಬರಿನ ಅಂಗಿ

ಯಾವ ಬಟ್ಟೆ ಕೊಟ್ಟರೂ ಲಾಂಡ್ರಿಯವರು ಮೊದಲು ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ದೊಡ್ಡ ಮೂಗು, ತುದಿಯಲ್ಲಿ ಸಿಡುಬಿನ ಮೂರು ಗುಳಿ, ಇಸ್ತ್ರಿಯ ಆವಿಗೆ ಸದಾ ಕೆಂಪು. ಕಣ್ಣು ಅರ್ಧ ಮುಚ್ಚಿ ಒಮ್ಮೆ ಮೂಸಿ, ಅಂಗಿಯ ಕಂಕುಳನ್ನು ಬೆಳಕಿಗೆ ಹಿಡಿದು, ಆಮೇಲೆ ತಂದವರ ಮುಖ ನೋಡುವರು. ಹೆಂಗಸರು ನಾಚಿ ಬೇರೆ ಕಡೆ ತಿರುಗುತ್ತಿದ್ದರು. ಗಂಡಸರಿಗೆ ಸಿಟ್ಟು ಬರುತ್ತಿತ್ತು. ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯವರು ಒಂದು ಸಲ, "ನೀವೇನು ಪೊಲೀಸ್ ನಾಯಿನಾ?" ಎಂದು ಕೇಳಿದ್ದಕ್ಕೆ, "ನಾಯಿಗೆ ಬಿಸ್ಕೀಟರ ಹಾಕ್ತಾರ್ರೀ, ನನಗ ನೀವು ಛಾ ಸುದ್ದಾ ಕೊಡಂಗಿಲ್ಲ" ಎಂದಿದ್ದರು.

ಮಕ್ಕಳೇ, ನೀವಿಬ್ಬರೂ ಚಿಕ್ಕವರಿದ್ದಾಗ ಭಾಂಡುಪ್‌ಗೆ ನನ್ನ ಮನೆಗೆ ಬಂದರೆ ಅವರ ಅಂಗಡಿಯನ್ನು ದಾಟಿಯೇ ಮೆಟ್ಟಿಲು ಹತ್ತುತ್ತಿದ್ದಿರಿ. ಸೋಪು ಮತ್ತು ಇದ್ದಿಲಿನ ವಾಸನೆ ನಿಮಗೆ ನೆನಪಿರಬಹುದು. ಅವರು ಬಾಗಲಕೋಟೆ ಕಡೆಯವರು. ಹದಿನೆಂಟು ವರ್ಷಕ್ಕೆ ಮುಂಬೈಗೆ ಬಂದು, ಇಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ತೊಳೆಯುವ ವಿಭಾಗದಲ್ಲಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಬಿಲ್ಡಿಂಗಿನ ಕೆಳಗೆ ಲಾಂಡ್ರಿ ಹಾಕಿದರು. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಘಾಟ್ಕೋಪರ್‌ಗೆ ಕೊಟ್ಟಿದ್ದರು.

ಅವರಷ್ಟು ಅನುಮಾನದ ಮನುಷ್ಯನನ್ನು ನಾನು ನೋಡಿಲ್ಲ. ಸ್ಟೇಷನ್ನಿನ ಇಂಡಿಕೇಟರ್‌ನಲ್ಲಿ ಸ್ಲೋ ಗಾಡಿ ಎಂದು ಬಂದಿದ್ದರೂ ಇಬ್ಬರನ್ನು ಕೇಳಿ, ಅವರಿಬ್ಬರೂ ಒಂದೇ ಮಾತು ಹೇಳಿದರೆ ಮೂರನೆಯವರನ್ನೂ ಕೇಳಿ ಹತ್ತುತ್ತಿದ್ದರು. ಸೊಸೈಟಿಯ ಸೆಕ್ರೆಟರಿ ನಾಳೆ ನೀರು ಬರುವುದಿಲ್ಲ ಎಂದು ಚೀಟಿ ಅಂಟಿಸಿದರೆ, ಆ ದಿನ ಸೆಕ್ರೆಟರಿಯ ಮನೆಯಲ್ಲಿ ಬಟ್ಟೆ ಒಗೆದಿದ್ದಾರೋ ಇಲ್ಲವೋ ಎಂದು ಬಾಲ್ಕನಿ ನೋಡುತ್ತಿದ್ದರು. ಮಾತಿಗಿಂತ ಬಟ್ಟೆಯ ಮೇಲೆ ಅವರಿಗೆ ನಂಬಿಕೆ. "ಮಂದಿ ಏನರ ಹೇಳ್ಲಿ ಅಕ್ಕಾರ, ಅರವಿಗೆ ಬಾಯಿಲ್ಲ. ಅದಕ್ಕ ಸುಳ್ಳ ಬರಂಗಿಲ್ಲ" ಎನ್ನುತ್ತಿದ್ದರು.

ನಾನು ಅವರನ್ನು ಏನೆಂದೂ ಕರೆದವಳಲ್ಲ. ನಿಮಗೆ ಗೊತ್ತು, ನನಗೆ ಹೊರಗಿನವರ ಹತ್ತಿರ ಬಾಯಿ ಬರುವುದಿಲ್ಲ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದವಳು, ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮಾತೆಲ್ಲ ನಿಮ್ಮ ತಾತನೇ ಆಡುತ್ತಿದ್ದರು. ತಾತ ಹೋದ ಮೇಲೆ ಒಂದು ವರ್ಷ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಪ್ರತಿ ಶನಿವಾರ ಅವರ ಎರಡು ಅಂಗಿಗಳನ್ನು ಬೀರುವಿನಿಂದ ತೆಗೆದು ಲಾಂಡ್ರಿಗೆ ಕೊಟ್ಟು ಬರುತ್ತಿದ್ದೆ. ಇಷ್ಟು ವರ್ಷ ಕೊಟ್ಟಿದ್ದೆ, ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಲಾಂಡ್ರಿಯವರು ಮೂಸಿ ನೋಡುವರು, ನನ್ನ ಮುಖ ನೋಡುವರು, ಸುಮ್ಮನೆ ತೆಗೆದಿಡುವರು. ನನಗೆ ಅವರ ಮೇಲೇ ಅನುಮಾನ. ಒಂಟಿ ಹೆಂಗಸಿನ ಮುಖ ಹೀಗೇಕೆ ನೋಡುತ್ತಾರೆ ಎಂದುಕೊಂಡು, ಸೆರಗು ಬಿಗಿ ಹಿಡಿದು ಓಡಿಬರುತ್ತಿದ್ದೆ.

ಒಂದು ಶನಿವಾರ ಅವರು ಅಂಗಿಗಳನ್ನು ತೆಗೆದುಕೊಳ್ಳಲಿಲ್ಲ. "ಅಕ್ಕಾರ, ಇವನ್ನ ಯಾರೂ ತೊಟ್ಟಿಲ್ಲ. ನಾ ಹಾಕಿದ ಮಡಿಕಿ ನನಗ ವಾಪಸ್ ಬರಾಕತ್ತೈತಿ" ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅವರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅದರ ಅಡಿಯನ್ನು ನೋಡುತ್ತಾ ನಿಂತರು. ಆಮೇಲೆ, "ಈ ಗುಂಡಿ ಹಚ್ಚಿದವರು ಯಾರು?" ಎಂದು ಕೇಳಿದರು. ನಾನೇ ಎಂದೆ. "ಹೊಲಿಗಿ ಛಲೋ ಐತಿ. ನನ್ನ ಕಡೆ ಕೆಲಸ ಐತಿ, ಮಾಡ್ತೀರೇನು?" ಎಂದರು.

ಹೀಗೆ ನಾನು ಲಾಂಡ್ರಿಯ ಹಿಂಭಾಗದಲ್ಲಿ ಹೊಲಿಗೆ ಮಷಿನ್ನಿನ ಮುಂದೆ ಕುಳಿತೆ. ಹರಿದದ್ದು, ಗುಂಡಿ ಹೋದದ್ದು, ಅಂಚು ಬಿಚ್ಚಿದ್ದು ನನ್ನ ಪಾಲಿಗೆ. ಜುಲೈ ಬಂತೆಂದರೆ ಮಾತ್ರ ಬೇರೆ ಕೆಲಸವೆಲ್ಲ ಬದಿಗೆ, ಫುಟ್‌ಬಾಲ್ ಬಟ್ಟೆ.

ಗೋರೆಗಾಂವ್‌ನಲ್ಲಿ ನಿಮ್ಮ ಮನೆಯ ಹತ್ತಿರದ ಮೈದಾನದಲ್ಲಿ ಒಂದು ಫುಟ್‌ಬಾಲ್ ತಂಡದವರು ಪಂದ್ಯಗಳು ಶುರುವಾಗುವ ಮೊದಲು ಆರು ವಾರ ಕ್ಯಾಂಪ್ ಮಾಡುತ್ತಿದ್ದರು. ತಂಡದ ಹೆಸರು ಬರೆಯುವುದಿಲ್ಲ. ದೊಡ್ಡ ಲೀಗಿನದಲ್ಲ, ಅದರ ಕೆಳಗಿನದು. ಆದರೂ ಆಟವೇ ಹೊಟ್ಟೆಪಾಡಾದ ಹುಡುಗರು, ಅವರಿಗಾಗಿ ಕೂಗುವ ಮಂದಿಯೂ ಬೇಕಾದಷ್ಟು. ಅವರ ಬಟ್ಟೆ ನೋಡಿಕೊಳ್ಳುವ ಮ್ಯಾನೇಜರ್ ಮೊದಲು ನಮ್ಮ ಭಾಂಡುಪ್‌ನಲ್ಲಿ ಇದ್ದವರು, ಲಾಂಡ್ರಿಯವರ ಕೈಗುಣ ಬಲ್ಲವರು. ಹಾಗಾಗಿ ದಿನಾ ಸಂಜೆ ಟೆಂಪೋದಲ್ಲಿ ಬಟ್ಟೆ ಇಲ್ಲಿಗೆ ಬರುತ್ತಿತ್ತು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಬಲೆಯ ಚೀಲ, ಚೀಲದ ಮೇಲೆ ಅವನ ನಂಬರು. ಮಳೆಗಾಲದ ಕೆಸರು. ಬೇರೆಯವರಾದರೆ ಚೀಲ ಬಿಚ್ಚದೆ ಹಾಗೇ ಮಷಿನ್ನಿಗೆ ತುಂಬುತ್ತಿದ್ದರು. ಇವರು ಒಂದೊಂದನ್ನೂ ಬಿಚ್ಚಿ, ಕಾಲುಚೀಲ ತಿರುವಿ, ಮೂಸಿ, ಕೆಸರನ್ನು ಬ್ರಷ್ಷಿನಿಂದ ಉಜ್ಜಿದ ಮೇಲೆಯೇ ನೀರಿಗೆ ಹಾಕುವರು.

ಹಾಗಾಗಿ ಆ ತಂಡದ ಕೋಚಿಗೆ ಗೊತ್ತಿಲ್ಲದ್ದೂ ಅವರಿಗೆ ಗೊತ್ತಿರುತ್ತಿತ್ತು. "ನಾಲ್ಕನೇ ನಂಬರ್ ಇವತ್ತ ಬರೀ ನಿಂತಾನ, ಓಡಿಲ್ಲ." "ಹನ್ನೊಂದಕ್ಕ ಎಡಗಾಲ ನೋವೈತಿ, ಸಾಕ್ಸ್‌ನ್ಯಾಗ ಪಟ್ಟಿ ಅಂಟು ನೋಡ್ರಿ." ಅಂಗಡಿಗೆ ಬರುವ ಮರಾಠಿ ಪೇಪರಿನಲ್ಲಿ ಕ್ಯಾಂಪಿನ ಸುದ್ದಿ ಬಂದರೆ ಅದನ್ನು ಓದಿ ನಗುವರು. "ಎಲ್ಲಾರೂ ಹುರುಪಿನಿಂದ ಅದಾರಂತ. ಹುರುಪಿನ ವಾಸನಿ ಇದಲ್ಲರೀ." ಆದರೆ ಆ ಮಾತು ನನ್ನ ಮುಂದೆ ಮಾತ್ರ. ಮೊದಲ ದಿನವೇ ನನಗೆ ಹೇಳಿದ್ದರು: "ಇಲ್ಲಿ ಕಂಡದ್ದು ಇಲ್ಲೇ ತೊಳಕೊಂಡು ಹೋಗ್ಬೇಕು ಅಕ್ಕಾರ. ಅವರದು ಕಾಲಿನ ಮ್ಯಾಲಿನ ಜೀವನ. ಒಬ್ಬನ ಕಾಲ ನೋವೈತಿ ಅಂತ ಹೊರಗ ಗೊತ್ತಾದ್ರ, ಆಡಾಕ ಬಂದವರು ಅದ ಕಾಲಿಗೆ ಒದಿತಾರ." ನನ್ನಂಥ ಮೂಕಿಗೆ ಇದನ್ನು ಹೇಳಬೇಕಾಗಿಯೇ ಇರಲಿಲ್ಲ ಎಂದುಕೊಂಡಿದ್ದೆ.

ದೊಡ್ಡವಳೇ, ಇನ್ನು ಮುಂದಿನದು ನಿನಗೆ.

ನಿನಗೆ ಹದಿನಾರು. ಅಪ್ಪ ಅಮ್ಮ ತಮ್ಮನನ್ನು ಕರೆದುಕೊಂಡು ಮದುವೆಗೆಂದು ಊರಿಗೆ ಹೋಗಿದ್ದರು. ಕಾಲೇಜು ತಪ್ಪುತ್ತದೆಂದು ನೀನು ನನ್ನ ಬಳಿ ಉಳಿದೆ. ದಿನವೆಲ್ಲ ಫೋನು. ನಾನು ಕನ್ನಡದಲ್ಲಿ ಒಂದು ಕೇಳಿದರೆ ನೀನು ಹಿಂದಿಯಲ್ಲಿ ಅರ್ಧ ಹೇಳುತ್ತಿದ್ದೆ. ಆ ತಂಡ ಎಂದರೆ ಮಾತ್ರ ನಿನ್ನ ಬಾಯಿ ತೆರೆಯುತ್ತಿತ್ತು. ಅದರಲ್ಲೂ ಒಂಬತ್ತನೇ ನಂಬರಿನವನು. ಗೋಲು ಹೊಡೆಯುವವನು ಅವನೇ ಎಂದು ನೀನೇ ಹೇಳಿದ್ದು.

ಅದು ಕ್ಯಾಂಪಿನ ಎರಡನೇ ವಾರ. ನಾನು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ನೀನು ಮಂಚದ ಮೇಲೆ ಮಲಗಿ ಓದಿದೆ:

"ಅಜ್ಜಿ, ಸುನೋ ನಾ. ಕ್ಯಾಂಪ್‌ನಲ್ಲಿ ಎಲ್ಲ ಫುಲ್ ಫಿಟ್. ನಂಬರ್ ನೈನ್ ಎಲ್ಲರಿಗಿಂತ ಫಸ್ಟ್ ಗ್ರೌಂಡ್‌ಗೆ ಬರ್ತಾನಂತೆ. ಕಮೆಂಟ್ಸ್ ನೋಡು, 'ಇಸ್ ಬಾರ್ ಬೀಸ್ ಗೋಲ್ ಪಕ್ಕಾ.' 'ಶೇರ್ ಹೈ ಅಪ್ನಾ.'" ಈ ಸಲ ಇಪ್ಪತ್ತು ಗೋಲು ಖಂಡಿತ, ನಮ್ಮ ಹುಲಿ ಅವನು ಎಂದು.

"ಅವನು ಗ್ರೌಂಡಿಗೆ ಹೋಗೇ ಇಲ್ಲ ಕಣೇ" ಎಂದುಬಿಟ್ಟೆ.

ನೀನು ಎದ್ದು ಕುಳಿತೆ. "ನಿಂಗೆ ಕೈಸೇ ಪತಾ?"

"ತಾ ಇಲ್ಲಿ ಆ ಫೋಟೋ. ಅಂಗಿ ಕುತ್ತಿಗೆ ಪಟ್ಟಿ ನೋಡು, ಎಷ್ಟು ಕಿರಿದು. ಈ ಸಲ ಕುತ್ತಿಗೆ ಬಿಗಿ ಅಂತ ಅಷ್ಟೂ ಅಂಗಿಗೆ ಪಟ್ಟಿ ಬಿಚ್ಚಿ ಅಗಲ ಮಾಡಿದೋಳು ನಾನು. ಇದು ಹೋದ ವರ್ಷದ ಫೋಟೋ. ಅವನ ಚೀಲ ಆರು ದಿನದಿಂದ ಇಸ್ತ್ರಿ ಮಡಿಕೆ ಬಿಚ್ಚದೆ ವಾಪಸ್ ಬರ್ತಾ ಇದೆ."

"ಅಜ್ಜೀ!" ಎಂದೆ ನೀನು. "ಯೂ ಆರ್ ಟೂ ಮಚ್!" ಎಂದು ಬಂದು ನನ್ನ ಕತ್ತು ತಬ್ಬಿದೆ.

ಅದಕ್ಕೇ ಹೇಳಿದ್ದು ನಾನು. ಮರೆತು ಹೇಳಲಿಲ್ಲ, ಬಾಯಿ ಜಾರಿಯೂ ಹೇಳಲಿಲ್ಲ. ನಿನ್ನ ಫೋನಿಗಿಂತ ಹೆಚ್ಚಿನದು ಒಂದಾದರೂ ನನಗೆ ಗೊತ್ತಿದೆ ಎಂದು ತೋರಿಸಬೇಕಿತ್ತು. ಯಾರಿಗೂ ಹೇಳಬೇಡ ಎಂದು ನಿನಗೆ ಹೇಳಲೂ ಇಲ್ಲ. ಹಾಗೆ ಹೇಳಿದ್ದರೆ ನಾನು ಮಾಡಿದ್ದು ತಪ್ಪೆಂದು ನನಗೇ ಒಪ್ಪಿಕೊಂಡಂತಾಗುತ್ತಿತ್ತು.

ನೀನು ಆ ಫೋಟೋದ ಕೆಳಗೆ ಬರೆದೆ: ಇದು ಹಳೇ ಫೋಟೋ, ಒಂಬತ್ತು ಪ್ರಾಕ್ಟೀಸ್ ಮಾಡುತ್ತಿಲ್ಲ, ಅವನ ಬಟ್ಟೆ ಲಾಂಡ್ರಿಗೆ ಮಡಿಕೆ ಸಮೇತ ಬರುತ್ತಿದೆ. ಬೆಳಗಾಗುವಷ್ಟರಲ್ಲಿ ಅದು ಎಲ್ಲ ಕಡೆ ಹಬ್ಬಿತ್ತು. ಕಾಫಿ ಕುಡಿಯದೆ ನೀನು ಒಂದೊಂದೇ ಓದಿದೆ, ಓದುತ್ತಾ ನಿನ್ನ ದನಿ ಸಣ್ಣಗಾಯಿತು. ಇದು ಎದುರು ತಂಡದವರು ದುಡ್ಡು ಕೊಟ್ಟು ಬರೆಸಿದ್ದು ಎಂದು ಒಬ್ಬ. ಇದನ್ನು ಬರೆದವರು ಯಾರು, ಮನೆ ಎಲ್ಲಿ, ಹುಡುಕಿ ಎಂದು ಇನ್ನೊಬ್ಬ. ಆಮೇಲಿನವನ್ನು ನೀನು ಓದಲಿಲ್ಲ. ಫೋನ್ ಬೋರಲು ಹಾಕಿದೆ. ಅಲ್ಲಿ ನಿನ್ನ ಹೆಸರಿಲ್ಲ, ಮುಖವಿಲ್ಲ, ಬೆಕ್ಕಿನ ಚಿತ್ರ ಮಾತ್ರ. ಬರೆದದ್ದನ್ನು ಅಳಿಸಿಹಾಕಿ ಕಾಲೇಜಿಗೆ ಹೋದೆ. ಅಷ್ಟಕ್ಕೇ ಮುಗಿಯಿತು ಎಂದು ನೀನು ಇವತ್ತಿಗೂ ತಿಳಿದಿದ್ದೀಯ.

ಹನ್ನೊಂದು ಗಂಟೆಗೆ ಮ್ಯಾನೇಜರ್ ಲಾಂಡ್ರಿಗೆ ಬಂದರು. ಮಳೆ ಜೋರಾಗಿತ್ತು. ನಾನು ಹಿಂದೆ ಮಷಿನ್ನಿನ ಮುಂದೆ ಇದ್ದೆ. ನಡುವೆ ಹಗ್ಗದ ಮೇಲೆ ಒಣಹಾಕಿದ ಅಂಗಿಗಳ ಸಾಲು, ಹಾಗಾಗಿ ಅವರಿಗೆ ನಾನು ಕಾಣಿಸಲಿಲ್ಲ.

ಫೋನಿನಲ್ಲಿ ಬಂದದ್ದನ್ನು ಓದಿ ಹೇಳಿ, "ಯಾ ತುಮ್, ಯಾ ಮೈಂ" ಎಂದರು ಮ್ಯಾನೇಜರ್. ಚೀಲದ ಒಳಗಿನದು ನೋಡುವವರು ನೀವು, ಇಲ್ಲವೇ ನಾನು. "ತೀಸ್ರಾ ಕೌನ್ ಹೈ ಯಹಾಂ?"

ಮೂರನೆಯವಳು ಹತ್ತು ಹೆಜ್ಜೆಯ ದೂರದಲ್ಲಿದ್ದೆ. ಎದ್ದು ನಿಂತೆ ಕೂಡ. ಬಾಯಿ ಬರಲಿಲ್ಲ, ಮಷಿನ್ನಿನ ಚಕ್ರವನ್ನು ಹಿಡಿದುಕೊಂಡೆ. ಅಂಗಿಗಳ ಸಂದಿನಿಂದ ಲಾಂಡ್ರಿಯವರು ಒಮ್ಮೆ ಈ ಕಡೆ ತಿರುಗಿದ್ದು ಕಂಡಿತು. ಬಟ್ಟೆ ಮೂಸಿದ ಮೇಲೆ ಮುಖ ನೋಡುತ್ತಿದ್ದರಲ್ಲ, ಅದೇ ನೋಟ. ಆಮೇಲೆ ಮ್ಯಾನೇಜರ್ ಕಡೆ ತಿರುಗಿದರು.

"ಕೋಯೀ ನಹೀಂ ಸಾಬ್. ಮೇರೇ ಮುಂಹ್ ಸೇ ನಿಕ್ಲಾ. ಚಾಯ್ ಕೀ ಟಪ್ರೀ ಪೇ." ಯಾರೂ ಇಲ್ಲ, ಚಹಾ ಅಂಗಡಿಯಲ್ಲಿ ನನ್ನ ಬಾಯಿಂದಲೇ ಹೊರಟಿತು ಎಂದರು.

"ಇತ್ನೇ ಸಾಲ್!" ಎಂದರು ಮ್ಯಾನೇಜರ್. ಇಷ್ಟು ವರ್ಷ! ಬೈಯಲಿಲ್ಲ. ಒದ್ದೆ ಬಟ್ಟೆಗಳನ್ನು ಒದ್ದೆಯಾಗಿಯೇ ಚೀಲಗಳಿಗೆ ತುಂಬಿ ಟೆಂಪೋಗೆ ಹಾಕಿಸಿದರು. ನನ್ನ ಮುಂದಿದ್ದ ಅಂಗಿಗಳ ಗೋಡೆ ಒಂದೊಂದಾಗಿ ಕಡಿಮೆಯಾಗಿ ಕೊನೆಗೆ ಬರೀ ಹಗ್ಗ ಉಳಿಯಿತು. ಮ್ಯಾನೇಜರ್ ನನ್ನನ್ನು ನೋಡಿದರು, ಹೊಲಿಗೆಯ ಹೆಂಗಸು ಎಂದು ಬಿಟ್ಟು ಹೋದರು.

ಪ್ರತಿಯೊಂದಕ್ಕೂ ಹತ್ತು ಪ್ರಶ್ನೆ ಕೇಳುವ ಮನುಷ್ಯ ನನ್ನನ್ನು ಏನೂ ಕೇಳಲಿಲ್ಲ. ನೆಲದ ಮೇಲೆ ಸುರಿದ ನೀರನ್ನು ಒರೆಸಿದ ಮೇಲೆ, "ಮೊಮ್ಮಗಳು ಇನ್ನ ಎಷ್ಟ ದಿನ ಇರ್ತಾಳ?" ಎಂದರು.

"ಭಾನುವಾರದವರೆಗೆ."

"ಫೋನ್ ದೂರ ಇಡಾಕ ಹೇಳ್ರಿ. ಮಂದಿ ಛಲೋ ಇಲ್ಲ."

ಇಷ್ಟೇ. ಕಳೆದ ವರ್ಷದವರೆಗೆ ಇಬ್ಬರ ನಡುವೆ ಆ ವಿಷಯ ಮತ್ತೆ ಬರಲಿಲ್ಲ.

ಸುದ್ದಿ ಹೊರಗೆ ಬಿಟ್ಟವನು ಲಾಂಡ್ರಿಯವನು ಎಂದು ತಂಡದ ಕಡೆಯವರು ಯಾರೋ ಹೇಳಿದರು. ನಿನ್ನ ಬೆಕ್ಕನ್ನು ಹುಡುಕುತ್ತಿದ್ದವರೆಲ್ಲ ಆ ಬೆಕ್ಕನ್ನು ಬಿಟ್ಟು ಇವರ ಬೆನ್ನು ಹತ್ತಿದರು. ಇಬ್ಬರು ಹುಡುಗರು ಬೈಕಿನಲ್ಲಿ ಬಂದು ಅಂಗಡಿಯ ಫೋಟೋ ತೆಗೆದುಕೊಂಡು ಹೋದರು. ಒಂದು ಬೆಳಿಗ್ಗೆ ಶಟರಿನ ಮೇಲೆ 'ಗದ್ದಾರ್' ಎಂದು ಬರೆದ ಕಾಗದ ಅಂಟಿಸಿದ್ದರು, ದ್ರೋಹಿ ಎಂದು. ಅವರು ಅದನ್ನು ನೀರು ಹಾಕಿ ಕೆರೆದು ತೆಗೆದು, ಅಂಟನ್ನು ಮೂಸಿ, "ಮನ್ಯಾಗ ಕುದಿಸಿದ ಮೈದಾ. ಗೋಂದು ತರಾಕ ರೊಕ್ಕಿಲ್ಲ, ಪಾಪ" ಎಂದರು. ನಾನು ನಗಲಿಲ್ಲ. ಬಿಲ್ಡಿಂಗಿನವರೂ ಅನುಮಾನಿಸತೊಡಗಿದರು. ನಮ್ಮ ಬಟ್ಟೆ ನೋಡಿ ನಮ್ಮ ಮನೆಯ ವಿಷಯವನ್ನೂ ಚಹಾ ಅಂಗಡಿಯಲ್ಲಿ ಹೇಳುತ್ತಿರಬಹುದು ಎಂದು ಎರಡು ಮನೆಯವರು ಬಟ್ಟೆ ಕೊಡುವುದನ್ನು ಬಿಟ್ಟರು. ಮೂಸಿ ನೋಡುವ ಅವರ ಅಭ್ಯಾಸ ಅಲ್ಲಿಯವರೆಗೆ ತಮಾಷೆಯಾಗಿತ್ತು, ಆಮೇಲೆ ಅದೇ ದೋಷವಾಯಿತು.

ತಿಂಗಳು ಕಳೆದ ಮೇಲೆ ತಂಡದವರೇ ಹೇಳಿದರು, ಒಂಬತ್ತನೆಯವನಿಗೆ ಮಂಡಿಯಲ್ಲಿ ಸಣ್ಣ ಗಾಯ ಎಂದು. ಆ ವರ್ಷವಿಡೀ ಅವನು ಆಡಲಿಲ್ಲ. "ಸಣ್ಣ ಗಾಯ! ಎಂಥಾ ದೊಡ್ಡ ಸಣ್ಣದರೀ ಇದು" ಎಂದರು ಲಾಂಡ್ರಿಯವರು. ಸುದ್ದಿ ನಿಜವೆಂದು ಗೊತ್ತಾದ ಮೇಲೂ ಅವರ ಹೆಸರು ಸರಿಹೋಗಲಿಲ್ಲ. ಚೀಲಗಳು ಮರಳಲಿಲ್ಲ.

ಆ ಕ್ಯಾಂಪಿನ ಕೊನೆಯ ವಾರ ನಾನು ಗೋರೆಗಾಂವ್‌ಗೆ ಹೋದೆ. ನಿಮ್ಮಪ್ಪ ಕಾರಿನಲ್ಲಿ ಕರೆದೊಯ್ಯದೆ ನಾನು ಎಂದೂ ಆ ಕಡೆ ಹೋದವಳಲ್ಲ. ದಾದರ್‌ನಲ್ಲಿ ಗಾಡಿ ಬದಲಿಸುವಾಗ ಜನ ನನ್ನನ್ನು ತಳ್ಳಿಕೊಂಡೇ ಸೇತುವೆ ದಾಟಿಸಿದರು. ಮೈದಾನದ ಗೇಟಿನ ಹತ್ತಿರ ಒಂದು ಗಂಟೆ ನಿಂತೆ. ಮ್ಯಾನೇಜರ್ ಹೊರಗೆ ಬಂದಾಗ, ದಾರಿಯುದ್ದಕ್ಕೂ ಕಲಿತುಕೊಂಡು ಹೋಗಿದ್ದ ಹಿಂದಿಯಲ್ಲಿ, ಹೇಳಿದ್ದು ನಾನು, ಅವರಲ್ಲ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಉಸ್ನೇ ಭೇಜಾ ಆಪ್ಕೋ?" ಎಂದರು. ಅವನು ಕಳಿಸಿದನಾ ನಿಮ್ಮನ್ನು? ಅಲ್ಲ ಎಂದೆ. ಅವರು ತಲೆ ಅಲ್ಲಾಡಿಸಿ, ಕೆಲಸ ವಾಪಸ್ ಬೇಕೆಂದು ಹೆಂಗಸರನ್ನು ಮುಂದೆ ಬಿಡುತ್ತಾನೆ, ಇಷ್ಟು ಕೆಳಗಿಳಿಯುತ್ತಾನೆ ಎಂದುಕೊಂಡಿರಲಿಲ್ಲ ಎಂದು ಹೇಳಿ ಒಳಗೆ ಹೋದರು. ಅವರ ಕಣ್ಣಲ್ಲಿ ಲಾಂಡ್ರಿಯವರು ಇನ್ನಷ್ಟು ಕೀಳಾದರು, ಅದಕ್ಕೂ ನಾನೇ ಕಾರಣಳಾದೆ. ನಿಮ್ಮ ಮನೆ ಅಲ್ಲಿಂದ ಹತ್ತು ನಿಮಿಷದ ದಾರಿ. ಬರಲಿಲ್ಲ. ನೇರ ಭಾಂಡುಪ್‌ಗೆ ವಾಪಸಾದೆ, ಯಾರಿಗೂ ಹೇಳಲಿಲ್ಲ.

ಮುಂದಿನ ಜುಲೈಯಲ್ಲಿ ಅವರು ಒಣಹಾಕುವ ಹಗ್ಗಗಳನ್ನು ಹೊಸದಾಗಿ ಬಿಗಿದು ಕಟ್ಟಿದರು. ನಾನು ನೋಡುತ್ತಿರುವುದನ್ನು ಕಂಡು, "ಬರಂಗಿಲ್ಲ ಅಂತ ಗೊತ್ತೈತ್ರಿ. ಹಗ್ಗ ಸಡ್ಲ ಆಗಿದ್ದೂ" ಎಂದರು. ನನಗೆ ಕೊಡುವ ಹೊಲಿಗೆ ಕೆಲಸ ಮಾತ್ರ ಕಡಿಮೆ ಮಾಡಲಿಲ್ಲ. ಎಲ್ಲಿಂದಲೋ ಹುಡುಕಿ ತರುತ್ತಿದ್ದರು, ಆಸ್ಪತ್ರೆಯ ಪರದೆ, ಶಾಲೆಯ ಯೂನಿಫಾರ್ಮ್. ಮುಗಿಸಿ ಕೊಟ್ಟರೆ ಹೊಲಿಗೆಯನ್ನು ಎಳೆದೆಳೆದು ನೋಡುವ ಅನುಮಾನವೂ ಕಡಿಮೆಯಾಗಲಿಲ್ಲ.

ಕಳೆದ ವರ್ಷ ಶ್ವಾಸದ ತೊಂದರೆ ಹೆಚ್ಚಾಗಿ ಮಗಳು ಅವರನ್ನು ಘಾಟ್ಕೋಪರ್‌ಗೆ ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ಅವಳು ಔಷಧಿ ತರಲು ಹೊರಗೆ ಹೋಗಿದ್ದಳು. ಆ ದೊಡ್ಡ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರು. ಇದು ಕೊನೆಯ ಅವಕಾಶ ಎಂದು ಅನಿಸಿತು.

"ಅವತ್ತು ಮೊಮ್ಮಗಳಿಗೆ ಹೇಳಿದ್ದು ನಾನು" ಎಂದೆ.

"ಅದನ್ನ ಈಗ ಹೇಳಾಕತ್ತೀರೇನು?" ಎಂದರು. "ನನಗ ಅವತ್ತ ಗೊತ್ತಿತ್ತು. ಹಳೇ ಫೋಟೋ ಅಂತ ಬರದಿದ್ರಲ್ಲ, ಕುತ್ತಿಗಿ ಪಟ್ಟಿ ಲೆಕ್ಕ ನಿಮಗ ಬಿಟ್ರ ಮತ್ಯಾರಿಗಿ ತಿಳೀತದ? ನಿಮ್ಮ ಹೆಸರ ಹೇಳಿದ್ರ ಹುಡುಗಿ ಹೆಸರೂ ಬರ್ತಿತ್ತು. ಆ ಮಂದಿ ಆಕಿನ್ನ ಬಿಡ್ತಿದ್ದಿಲ್ಲ. ನನಗೇನ್ರಿ, ಮುದುಕ. ಬೈಸ್ಕೊಂಡ್ರ ಏನ ಸವೀತದ."

"ನಾನು ಗೋರೆಗಾಂವ್‌ಗೂ ಹೋಗಿದ್ದೆ. ಮ್ಯಾನೇಜರ್‌ಗೆ ಹೇಳಿದೆ. ಅವರು ನಂಬಲಿಲ್ಲ."

ಅವರು ದಿಂಬಿನಿಂದ ತಲೆ ಎತ್ತಿದರು. "ನೀವಾ? ಒಬ್ಬರ? ಸುಳ್ಳ ಹೇಳಬ್ಯಾಡ್ರಿ."

"ನಿಜವಾಗಿ."

"ದಾದರ್‌ನ್ಯಾಗ ಇಳದು ಯಾವ ಕಡೆ ಹೋದ್ರಿ?"

"ಸೇತುವೆ ಹತ್ತಿ ವೆಸ್ಟರ್ನ್ ಕಡೆಗೆ. ಜನ ತಳ್ಳಿದ ಕಡೆಗೆ."

"ಗೇಟಿಗೆ ಯಾವ ಬಣ್ಣ?"

"ಹಸಿರು. ಕೆಳಗೆ ತುಕ್ಕು ಹಿಡಿದಿತ್ತು."

"ಆ ಸಾಹೇಬ ಅವತ್ತ ಏನ ತೊಟ್ಟಿದ್ದ?"

"ನೀಲಿ ಟೀ ಶರ್ಟು. ಎಡಗಡೆ ಹೊಲಿಗೆ ಬಿಚ್ಚಿತ್ತು."

ಉಸಿರು ಕೊಳವೆಯಲ್ಲಿ ಸುಯ್ಯೆಂದು ಓಡಾಡುತ್ತಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡು, "ಆತು. ಹೋಗಿದ್ದು ಖರೆ" ಎಂದರು. ಹತ್ತೊಂಬತ್ತು ದಿನಕ್ಕೆ ತೀರಿಕೊಂಡರು.

ಹದಿಮೂರನೇ ದಿನದ ಊಟಕ್ಕೆ ಹೋಗಿದ್ದೆ. ಅವರ ಮಗಳು ಬಡಿಸುತ್ತಾ ಪಕ್ಕದವರಿಗೆ ಹೇಳುತ್ತಿದ್ದಳು: "ನಮ್ಮಪ್ಪ ಇಡೀ ದುನಿಯಾಕ್ಕ ಶಕ್ ಮಾಡ್ತಿದ್ರು ನೋಡ್ರಿ. ಕಡೀಕ ಚಾ ಕುಡಕೋತ ತಾವ ಬಾಯಿ ಬಿಟ್ಟು, ಟೀಮ್‌ದು ಅಷ್ಟು ವರ್ಷದ ಕಾಮ್ ಕಳಕೊಂಡ್ರು. ಯಾಕ ಹಂಗ ಮಾಡಿದ್ರೋ, ನನಗ ಇವತ್ತಿಗೂ ತಿಳಿದಿಲ್ಲ." ಹಾಗೆ ಹೇಳಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ನಾನು ತಲೆ ತಗ್ಗಿಸಿ ತಿಂದೆ. ಎರಡನೇ ಸಲವೂ ಬಾಯಿ ಬರಲಿಲ್ಲ.

ದೊಡ್ಡವಳೇ, ನೀನು ಬರೆದದ್ದು ಮಕ್ಕಳ ಬುದ್ಧಿ, ನಾನು ಹೇಳಿದ್ದು ಜಂಬ. ತಪ್ಪು ನನ್ನದು. ನೀನು ಅದನ್ನು ಹೊತ್ತುಕೊಳ್ಳಬೇಡ. ಆದರೆ ಒಬ್ಬ ಮನುಷ್ಯ ನಿನ್ನ ಹೆಸರು ಯಾರ ಬಾಯಿಗೂ ಬೀಳಬಾರದೆಂದು ತನ್ನ ಹೆಸರನ್ನು ಕೊಟ್ಟ ಎಂಬುದು ನಿನಗೆ ತಿಳಿದಿರಬೇಕು. ಅವರ ಮಗಳಿಗೂ ತಿಳಿಯಬೇಕು. ನಿನಗೆ ನಾನು ಕನ್ನಡ ಅಕ್ಷರ ಕಲಿಸಿದ್ದೆ, ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಬಾಯಲ್ಲೇ ಹೇಳಬೇಕು.

ಈ ಭಾನುವಾರ ಹತ್ತು ಗಂಟೆಗೆ ನಾನು ಘಾಟ್ಕೋಪರ್ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹತ್ತಿರ ಇರುತ್ತೇನೆ. ನೀನೂ ಬಾ. ಮಾತು ನಾನೇ ಆಡುತ್ತೇನೆ, ನೀನು ಪಕ್ಕದಲ್ಲಿ ಇದ್ದರೆ ಸಾಕು. ಹತ್ತೂವರೆಯ ತನಕ ಕಾಯುತ್ತೇನೆ. ನೀನು ಬರದಿದ್ದರೂ ಹೋಗುತ್ತೇನೆ.